ಸೈಕಾಲಜಿ ಪಿಎಚ್‌ಡಿಗೆ ರಿಸರ್ಚ್ ಅನುಭವ: ಎಷ್ಟು ಬೇಕು, ಎಂಥದ್ದು ಬೇಕು, ಹೇಗೆ ಗಳಿಸಬೇಕು

ಅಮೆರಿಕದಲ್ಲಿ ಸೈಕಾಲಜಿ ಪಿಎಚ್‌ಡಿ ಮಾಡಬೇಕು ಎಂದುಕೊಂಡವರು ಕೇಳುವ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ. ರಿಸರ್ಚ್ ಅನುಭವ ಎಷ್ಟಿರಬೇಕು? ಒಂದು ವರ್ಷ ಸಾಕಾ? ಪೇಪರ್ ಪ್ರಕಟವಾಗಿರಲೇಬೇಕಾ? ಅಂಕ ಚೆನ್ನಾಗಿದ್ದರೆ ಲ್ಯಾಬ್ ಅನುಭವ ಇಲ್ಲದೆಯೂ ಸೀಟು ಸಿಗುತ್ತಾ?

ನೇರವಾಗಿ ಹೇಳುತ್ತೇನೆ. ಸ್ಟೈಪೆಂಡ್ ಕೊಡುವ ಪಿಎಚ್‌ಡಿ ಪ್ರೋಗ್ರಾಂಗಳಲ್ಲಿ ರಿಸರ್ಚ್ ಅನುಭವವೇ ಇಲ್ಲದ ಅರ್ಜಿ ಮುಂದೆ ಹೋಗುವುದು ತೀರಾ ಕಷ್ಟ, ಅಂಕ ಎಷ್ಟೇ ಇರಲಿ. ಹಾಗಂತ ಅನುಭವವನ್ನು ಬರೀ ಗಂಟೆ ಲೆಕ್ಕದಲ್ಲಿ ಅಳೆಯುವುದಿಲ್ಲ. ಅರ್ಜಿ ಓದುವವರಿಗೆ ತಿಳಿಯಬೇಕಾಗಿರುವುದು ಇಷ್ಟು: ಇವರಿಗೆ ಒಂದು ಪ್ರಶ್ನೆಯನ್ನು ಹಿಡಿದು, ಪರೀಕ್ಷಿಸಿ ನೋಡುವ ರೂಪಕ್ಕೆ ತಂದು, ಫಲಿತಾಂಶ ಏನೇ ಬಂದರೂ ಅದರ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಲು ಬರುತ್ತದಾ? ಇದಕ್ಕೆ ಉತ್ತರ ಮೂರು ಕಡೆ ಕಾಣುತ್ತದೆ. ನಿಮ್ಮ ಬರಹದಲ್ಲಿ, ನಿಮ್ಮ ಬಗ್ಗೆ ಬೇರೆಯವರು ಬರೆದ ಪತ್ರದಲ್ಲಿ, ಇಂಟರ್‌ವ್ಯೂನಲ್ಲಿ. ಕೆಳಗಿನ ಹಂತಗಳೆಲ್ಲ ಈ ಮೂರಕ್ಕಾಗಿಯೇ.

ಇದಕ್ಕೆ ಇಷ್ಟು ತೂಕ ಯಾಕೆ ಅನ್ನುವುದೂ ಗೊತ್ತಿರಲಿ. ಬಹಳಷ್ಟು ಪ್ರೋಗ್ರಾಂಗಳಲ್ಲಿ ನಡೆಯುವುದು ‘ಮೆಂಟರ್ ಮಾದರಿ’. ಅಂದರೆ ವಿಭಾಗ ಒಂದು ತಂಡವನ್ನು ಒಟ್ಟಾಗಿ ಆರಿಸಿಕೊಳ್ಳುವುದಿಲ್ಲ. ಒಬ್ಬೊಬ್ಬ ಪ್ರೊಫೆಸರ್ ತಮ್ಮ ಲ್ಯಾಬ್‌ಗೆ ಒಬ್ಬರನ್ನೋ ಇಬ್ಬರನ್ನೋ ಆರಿಸುತ್ತಾರೆ. ಐದಾರು ವರ್ಷ ನಿಮ್ಮ ಫೀಸು ಮನ್ನಾ ಆಗುತ್ತದೆ, ಸ್ಟೈಪೆಂಡ್ ಬರುತ್ತದೆ. ಪ್ರತಿಯಾಗಿ ಅವರ ಲ್ಯಾಬ್‌ನ ಅಧ್ಯಯನಗಳು ನಿಮ್ಮ ಕೈಯಲ್ಲಿ ನಡೆಯಬೇಕು. ಮೂರನೇ ತಿಂಗಳಿಗೇ ‘ನನಗೆ ಈ ಕೆಲಸ ಹಿಡಿಸಲ್ಲ’ ಅನ್ನುವವರನ್ನು ಸೇರಿಸಿಕೊಳ್ಳಲು ಯಾರೂ ಸಿದ್ಧರಿರುವುದಿಲ್ಲ. ಹಿಂದೆ ಲ್ಯಾಬ್‌ನಲ್ಲಿ ದುಡಿದಿದ್ದೀರಿ ಅನ್ನುವುದೇ ಅವರಿಗಿರುವ ದೊಡ್ಡ ಭರವಸೆ.

1. ಯಾವ ಪದವಿ ಎಂದು ಮೊದಲು ತೀರ್ಮಾನಿಸಿ

ಡಾಕ್ಟರೇಟ್ ಅಂದರೆ ಎಲ್ಲವೂ ಒಂದೇ ಅಲ್ಲ. ಕ್ಲಿನಿಕಲ್ ಸೈಕಾಲಜಿಯಲ್ಲಿ ಎರಡು ದಾರಿಗಳಿವೆ. 1949ರಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ ನಡೆದ ಸಮ್ಮೇಳನದಲ್ಲಿ, ಚಿಕಿತ್ಸೆ ಕೊಡುವವರು ವಿಜ್ಞಾನಿಯೂ ಆಗಿರಬೇಕು ಎಂದು ಒಪ್ಪಿಕೊಂಡರು. ಕ್ಲಿನಿಕಲ್ ಪಿಎಚ್‌ಡಿ ಈ ಅಡಿಪಾಯದ ಮೇಲೆ ನಿಂತಿದೆ. 1973ರಲ್ಲಿ ಅದೇ ರಾಜ್ಯದ ವೇಲ್‌ನಲ್ಲಿ ನಡೆದ ಸಮ್ಮೇಳನ, ಚಿಕಿತ್ಸೆಗೇ ಹೆಚ್ಚು ಒತ್ತು ಕೊಡುವ ಸೈಡಿ ಪದವಿಗೆ ಮಾನ್ಯತೆ ಕೊಟ್ಟಿತು. ಸೈಡಿ ಅಂದರೆ ಡಾಕ್ಟರ್ ಆಫ್ ಸೈಕಾಲಜಿ.

ಎರಡರಿಂದಲೂ ಸೈಕಾಲಜಿಸ್ಟ್ ಲೈಸೆನ್ಸ್ ಪಡೆಯಬಹುದು. ಆದರೆ ರಿಸರ್ಚ್ ಅನುಭವದ ತೂಕ ಎರಡರಲ್ಲೂ ಬೇರೆ ಬೇರೆ. ಪಿಎಚ್‌ಡಿಯಲ್ಲಿ ಅದು ಎಲ್ಲಕ್ಕಿಂತ ಮುಂದಿರುತ್ತದೆ. ಸೈಡಿಯಲ್ಲಿ ಇದ್ದರೆ ಒಳ್ಳೆಯದು, ಆದರೆ ಜನರ ಜೊತೆ ನೇರವಾಗಿ ಕೆಲಸ ಮಾಡಿದ ಅನುಭವವನ್ನೂ ಅಷ್ಟೇ ಗಮನದಿಂದ ನೋಡುತ್ತಾರೆ. ಸೈಡಿ ತರಗತಿಗಳು ಸಾಮಾನ್ಯವಾಗಿ ದೊಡ್ಡವು, ಆರ್ಥಿಕ ನೆರವು ಕಡಿಮೆ, ಸಾಲದ ಹೊರೆ ಜಾಸ್ತಿ. ಇನ್ನು ಕಾಗ್ನಿಟಿವ್, ಸೋಶಿಯಲ್, ಡೆವಲಪ್‌ಮೆಂಟಲ್ ಮುಂತಾದ ವಿಭಾಗಗಳಲ್ಲಿ ಚಿಕಿತ್ಸೆಯ ತರಬೇತಿಯೇ ಇರುವುದಿಲ್ಲ. ಅಲ್ಲಿ ಪೂರ್ತಿ ರಿಸರ್ಚೇ.

ಇಲ್ಲಿ ಬಹಳ ಜನ ಎಡವುತ್ತಾರೆ. ಮನಸ್ಸಿನಲ್ಲಿರುವುದು ಥೆರಪಿಸ್ಟ್ ಆಗುವ ಆಸೆ, ಅರ್ಜಿ ಹಾಕುವುದು ರಿಸರ್ಚೇ ಮುಖ್ಯವಾದ ಪ್ರೋಗ್ರಾಂಗೆ. ಥೆರಪಿ ಮಾತ್ರ ಸಾಕು ಅನ್ನುವವರಿಗೆ ಕೌನ್ಸೆಲಿಂಗ್ ಅಥವಾ ಸೋಶಿಯಲ್ ವರ್ಕ್‌ನ ಮಾಸ್ಟರ್ಸ್ ಪದವಿ ಎರಡು ಮೂರು ವರ್ಷದಲ್ಲಿ ಮುಗಿಯುತ್ತದೆ. ಅದು ಕಡಿಮೆ ದರ್ಜೆಯ ದಾರಿ ಖಂಡಿತ ಅಲ್ಲ.

2. ಪ್ರೋಗ್ರಾಂಗಳ ಅಂಕಿ ಅಂಶ ನೀವೇ ಓದಿ

ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ (ಎಪಿಎ) ಮಾನ್ಯತೆ ಇರುವ ಡಾಕ್ಟರಲ್ ಪ್ರೋಗ್ರಾಂಗಳು ಕೆಲವು ಮಾಹಿತಿಯನ್ನು ತಮ್ಮ ಜಾಲತಾಣದಲ್ಲಿ ಹಾಕಲೇಬೇಕು. ಮುಗಿಸಲು ಎಷ್ಟು ವರ್ಷ ಹಿಡಿಯಿತು, ಖರ್ಚೆಷ್ಟು, ಇಂಟರ್ನ್‌ಶಿಪ್ ಎಷ್ಟು ಜನರಿಗೆ ಸಿಕ್ಕಿತು, ಲೈಸೆನ್ಸ್ ಎಷ್ಟು ಜನ ಪಡೆದರು, ಎಲ್ಲ ಅಲ್ಲಿರುತ್ತದೆ. ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರಿಗೆ ಸೀಟು ಸಿಕ್ಕಿತು ಅನ್ನುವುದನ್ನೂ ಹಲವು ಪ್ರೋಗ್ರಾಂಗಳು ಹಾಕಿರುತ್ತವೆ. ಸೀಟಿನ ಬಗ್ಗೆ ಯಾರೋ ಹೇಳಿದ ಮಾತು ನಂಬುವ ಮೊದಲು ಆ ಪುಟ ತೆರೆಯಿರಿ. ಹೆಸರಾಂತ ಕ್ಲಿನಿಕಲ್ ಪಿಎಚ್‌ಡಿಗಳಲ್ಲಿ ನೂರಾರು ಅರ್ಜಿಗಳಿಗೆ ಹತ್ತಕ್ಕಿಂತ ಕಡಿಮೆ ಸೀಟು ಇರುವುದು ಮಾಮೂಲು.

ಹಾಗೆಯೇ ಆ ವಿಭಾಗದ ಈಗಿನ ವಿದ್ಯಾರ್ಥಿಗಳ ಪರಿಚಯ ಓದಿ. ಸೇರುವ ಮೊದಲು ಅವರು ಏನು ಮಾಡುತ್ತಿದ್ದರು ಅನ್ನುವುದು ಸಾಮಾನ್ಯವಾಗಿ ಒಂದೆರಡು ಸಾಲಿನಲ್ಲಿ ಇರುತ್ತದೆ. ಡಿಗ್ರಿ ಮುಗಿಸಿ ಒಂದೆರಡು ವರ್ಷ ಲ್ಯಾಬ್‌ನಲ್ಲಿ ಪೂರ್ಣಾವಧಿ ಕೆಲಸ ಮಾಡಿದವರು ಎಷ್ಟು ಜನ ಅಂತ ಎಣಿಸಿ. ‘ಎಷ್ಟು ಅನುಭವ ಬೇಕು’ ಅನ್ನುವುದಕ್ಕೆ ನಿಮಗೆ ಬೇಕಾದ ಪ್ರೋಗ್ರಾಂ ಮಟ್ಟಿಗಂತೂ ಇದಕ್ಕಿಂತ ನಿಖರ ಉತ್ತರ ಸಿಗುವುದಿಲ್ಲ.

3. ಲ್ಯಾಬ್ ಸೇರಿ

ಕಾಲೇಜಿನಲ್ಲಿದ್ದರೆ ಎರಡನೇ ವರ್ಷವೇ ಶುರು ಮಾಡಿ. ಯಾವ ಪ್ರೊಫೆಸರ್ ಏನು ಅಧ್ಯಯನ ಮಾಡುತ್ತಾರೆ ನೋಡಿ, ಅವರ ಇತ್ತೀಚಿನ ಒಂದು ಪೇಪರ್ ಓದಿ, ಚಿಕ್ಕ ಮೇಲ್ ಬರೆಯಿರಿ. ಏನು ಓದಿದಿರಿ, ಅದರಲ್ಲಿ ಯಾವ ಅಂಶ ಹಿಡಿಸಿತು, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ, ಎಷ್ಟು ತಿಂಗಳು ಇರುತ್ತೀರಿ. ಇಷ್ಟು ಸಾಕು. ‘ನಿಮ್ಮ ಅದ್ಭುತ ಸಂಶೋಧನೆಯಿಂದ ಸ್ಫೂರ್ತಿಗೊಂಡು’ ಎಂಬ ಸಾಲನ್ನು ಇಪ್ಪತ್ತು ಜನರಿಗೆ ಕಳಿಸಿದರೆ, ಓದಿದವರಿಗೆ ಅದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೆ ಬೇರೆಯವರಿಗೆ ಬರೆಯಿರಿ.

ಬೇಸಿಗೆಯಲ್ಲಿ ಸಂಬಳ ಕೊಟ್ಟು ರಿಸರ್ಚ್ ಮಾಡಿಸುವ ಯೋಜನೆಗಳಿವೆ. ನ್ಯಾಷನಲ್ ಸೈನ್ಸ್ ಫೌಂಡೇಷನ್‌ನ ಆರ್‌ಇಯು ಅಂಥದ್ದು. ಆದರೆ ಅದರ ಹಣದಲ್ಲಿ ಅವಕಾಶ ಇರುವುದು ಅಮೆರಿಕದ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಹೊರದೇಶದ ವಿದ್ಯಾರ್ಥಿಗಳು ಪ್ರತಿ ಯೋಜನೆಯ ಅರ್ಹತೆಯ ಸಾಲನ್ನು ಮೊದಲು ಓದಬೇಕು.

ಡಿಗ್ರಿ ಮುಗಿದಿದ್ದರೆ ‘ಪೋಸ್ಟ್‌ಬ್ಯಾಕ್’ ಕೆಲಸ ಹುಡುಕಿ. ಪದವಿ ಮತ್ತು ಪಿಎಚ್‌ಡಿ ನಡುವೆ ಲ್ಯಾಬ್‌ನಲ್ಲಿ ಮಾಡುವ ಪೂರ್ಣಾವಧಿ ಕೆಲಸಕ್ಕೆ ಈ ಹೆಸರು. ಜಾಹೀರಾತಿನಲ್ಲಿ ರಿಸರ್ಚ್ ಅಸಿಸ್ಟೆಂಟ್, ಲ್ಯಾಬ್ ಮ್ಯಾನೇಜರ್, ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್ ಎಂದಿರುತ್ತದೆ. ವಿಶ್ವವಿದ್ಯಾಲಯಗಳ ಜೊತೆಗೆ ದೊಡ್ಡ ಆಸ್ಪತ್ರೆಗಳ ಮನೋರೋಗ ವಿಭಾಗಗಳಲ್ಲೂ ಈ ಕೆಲಸಗಳಿವೆ. ಯಾರ ಹತ್ತಿರ ಈಗ ಅನುದಾನ ಇದೆ ಎಂದು ತಿಳಿಯಲು ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ ನಡೆಸುವ ‘ರಿಪೋರ್ಟರ್’ ಎಂಬ ಹುಡುಕುತಾಣ ಎಲ್ಲರಿಗೂ ತೆರೆದಿದೆ. ನಿಮ್ಮ ವಿಷಯದ ಪದ ಹಾಕಿ ಹುಡುಕಿದರೆ ಯಾವ ಯೋಜನೆ, ಯಾರ ಮುಂದಾಳತ್ವ, ಯಾವಾಗಿನವರೆಗೆ ಅನ್ನುವುದೆಲ್ಲ ಬರುತ್ತದೆ. ಹೊಸ ಅನುದಾನ ಬಂದ ಲ್ಯಾಬ್‌ಗೆ ಜನ ಬೇಕಾಗುವ ಸಾಧ್ಯತೆ ಹೆಚ್ಚು.

ಸಂಬಳವಿಲ್ಲದೆ ದುಡಿಯುವ ಬಗ್ಗೆ ಒಂದು ಮಾತು. ಬಹಳ ಲ್ಯಾಬ್‌ಗಳಲ್ಲಿ ವಿದ್ಯಾರ್ಥಿಗಳನ್ನು ಸುಮ್ನೆ ದುಡಿಸಿಕೊಳ್ಳುತ್ತಾರೆ. ಮನೆಗೆ ದುಡಿದು ಹಾಕಬೇಕಾದವರಿಗೆ ಇದು ಅನ್ಯಾಯವೇ. ಕೇಳಲು ಸಂಕೋಚ ಬೇಡ: ಸಂಬಳದ ಹುದ್ದೆ ಇದೆಯಾ, ಇಲ್ಲದಿದ್ದರೆ ಕೋರ್ಸ್ ಕ್ರೆಡಿಟ್ ಆದರೂ ಸಿಗುತ್ತದಾ? ಬೇರೆ ಕೆಲಸ ಮಾಡುತ್ತ ಓದಿದ್ದರೆ ಅದನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ಹೇಳಿ. ವಾರಕ್ಕೆ ಐದೇ ಗಂಟೆ ಲ್ಯಾಬ್‌ಗೆ ಕೊಟ್ಟದ್ದು ಯಾಕೆ ಎಂದು ಓದುವವರಿಗೆ ಅರ್ಥವಾಗಲಿ.

4. ಕೊಟ್ಟ ಕೆಲಸದ ಒಳಗೆ ಇಳಿಯಿರಿ

ಮೊದಲು ಸಿಗುವುದು ಚಿಲ್ಲರೆ ಕೆಲಸ. ಭಾಗವಹಿಸುವವರಿಗೆ ಫೋನ್ ಮಾಡುವುದು, ಡೇಟಾ ಎಂಟ್ರಿ, ವಿಡಿಯೊ ಕೋಡಿಂಗ್. ಇವುಗಳ ಒಳಗೇ ಕಲಿಯುವುದು ಬಹಳ ಇರುತ್ತದೆ.

ಕೋಡಿಂಗ್ ಅಂದರೆ ಇಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದಲ್ಲ. ತಾಯಿ ಮತ್ತು ಮಗು ಆಡುತ್ತಿರುವ ವಿಡಿಯೊ ಇದೆ ಎಂದುಕೊಳ್ಳಿ. ಅದನ್ನು ಹತ್ತು ಸೆಕೆಂಡಿನ ತುಣುಕುಗಳಾಗಿ ಮಾಡಿ, ಪ್ರತಿ ತುಣುಕಿನಲ್ಲಿ ಮಗು ಅತ್ತಿತೇ ಇಲ್ಲವೇ ಎಂದು ಗುರುತು ಹಾಕಬೇಕು. ಇಬ್ಬರು ಬೇರೆ ಬೇರೆಯಾಗಿ ಕೂತು ಇದೇ ಕೆಲಸ ಮಾಡುತ್ತಾರೆ. ಆಮೇಲೆ ಹೋಲಿಸಿದಾಗ ನೂರರಲ್ಲಿ 95 ತುಣುಕು ತಾಳೆಯಾಯಿತು. ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಮಗು ಅತ್ತದ್ದು ಐದೇ ತುಣುಕಿನಲ್ಲಿ ಆಗಿದ್ದರೆ, ವಿಡಿಯೊ ನೋಡದೆ ಎಲ್ಲದಕ್ಕೂ ‘ಇಲ್ಲ’ ಎಂದು ಬರೆದವರಿಗೂ 95 ತಾಳೆಯಾಗುತ್ತಿತ್ತು. ಅದಕ್ಕಾಗಿಯೇ ಆಕಸ್ಮಿಕವಾಗಿ ತಾಳೆಯಾಗುವ ಪಾಲನ್ನು ಕಳೆದು ಲೆಕ್ಕ ಹಾಕುವ ‘ಕಪ್ಪಾ’ ಎಂಬ ಅಳತೆಯನ್ನು ಬಳಸುತ್ತಾರೆ. ಇಬ್ಬರೂ ಪೂರ್ತಿ ಒಪ್ಪಿದರೆ ಅದು 1, ಒಪ್ಪಿಗೆ ಬರೀ ಆಕಸ್ಮಿಕದಷ್ಟೇ ಇದ್ದರೆ 0.

ಆರು ತಿಂಗಳು ವಿಡಿಯೊ ನೋಡಿಯೂ ಇದನ್ನು ಯಾಕೆ ಲೆಕ್ಕ ಹಾಕುತ್ತಾರೆ ಎಂದು ಕೇಳದವರಿದ್ದಾರೆ. ಎರಡನೇ ವಾರದಲ್ಲೇ ಕೇಳಿ, ‘ಮುಖ ಸಿಂಡರಿಸಿದ್ದು ಅಳುವೋ ಅಲ್ಲವೋ ಎಂದು ನಮ್ಮ ಸೂಚನೆಯಲ್ಲಿ ಸ್ಪಷ್ಟವಿಲ್ಲ, ಅಲ್ಲೇ ಇಬ್ಬರಿಗೂ ಭಿನ್ನಾಭಿಪ್ರಾಯ ಬರುತ್ತಿದೆ’ ಎಂದು ತೋರಿಸಿಕೊಟ್ಟವರೂ ಇದ್ದಾರೆ. ಮಾಡಿದ ಕೆಲಸ ಒಂದೇ, ಆದರೆ ಪ್ರೊಫೆಸರ್ ಪತ್ರ ಬರೆಯುವಾಗ ನೆನಪಾಗುವುದು ಎರಡನೆಯವರು.

ಹೀಗೆಯೇ ಐಆರ್‌ಬಿ ಕಡತ ಓದಲು ಕೇಳಿ. ಅಧ್ಯಯನದಿಂದ ಭಾಗವಹಿಸುವವರಿಗೆ ಹಾನಿ ಆಗದಂತೆ ನೋಡಿಕೊಳ್ಳುವ ಸಮಿತಿಯೇ ಐಆರ್‌ಬಿ. ಒಂದು ಅಧ್ಯಯನ ಯಾಕೆ ಹೀಗೇ ರೂಪುಗೊಂಡಿದೆ ಅನ್ನುವುದು ಆ ಕಡತದಲ್ಲಿ ಬಿಡಿಸಿ ಬರೆದಿರುತ್ತದೆ. ಲ್ಯಾಬ್ ಸಭೆಗಳನ್ನು ತಪ್ಪಿಸಬೇಡಿ.

ಎಚ್ಚರಿಕೆ: ಪ್ರತಿ ಸೆಮಿಸ್ಟರ್‌ಗೂ ಲ್ಯಾಬ್ ಬದಲಿಸಬೇಡಿ. ನಾಲ್ಕು ಲ್ಯಾಬ್‌ಗಳಲ್ಲಿ ನಾಲ್ಕು ನಾಲ್ಕು ತಿಂಗಳು ಇದ್ದವರಿಗಿಂತ ಒಂದೇ ಲ್ಯಾಬ್‌ನಲ್ಲಿ ಒಂದೂವರೆ ವರ್ಷ ಇದ್ದು ಜವಾಬ್ದಾರಿ ಹೆಚ್ಚಿಸಿಕೊಂಡವರ ಅರ್ಜಿ ಗಟ್ಟಿ. ಲ್ಯಾಬ್ ನಿಮ್ಮ ವಿಷಯದ್ದೇ ಆಗಿರಬೇಕು ಎಂದೇನೂ ಇಲ್ಲ. ನೆನಪಿನ ಶಕ್ತಿಯ ಲ್ಯಾಬ್‌ನಲ್ಲಿ ಕಲಿತ ಕೌಶಲ ಖಿನ್ನತೆಯ ಅಧ್ಯಯನಕ್ಕೂ ಬರುತ್ತದೆ.

5. ನಿಮ್ಮದೇ ಆದ ಒಂದು ಪ್ರಶ್ನೆ ಇರಲಿ

ನನ್ನ ಪ್ರಕಾರ ಅರ್ಜಿಯ ಭವಿಷ್ಯ ಹೆಚ್ಚಾಗಿ ತೀರ್ಮಾನವಾಗುವುದು ಇಲ್ಲಿ. ಬೇರೆಯವರ ಅಧ್ಯಯನಕ್ಕೆ ನೆರವಾದದ್ದು ಒಂದು ಮಟ್ಟ. ಚಿಕ್ಕದಾದರೂ ಸರಿ, ಒಂದು ಪ್ರಶ್ನೆಯನ್ನು ನೀವೇ ಎತ್ತಿ ಕೊನೆ ಮುಟ್ಟಿಸಿದ್ದು ಬೇರೆಯೇ ಮಟ್ಟ. ಆನರ್ಸ್ ಥೀಸಿಸ್, ಅಂದರೆ ಡಿಗ್ರಿಯ ಕೊನೆಯಲ್ಲಿ ಪ್ರೊಫೆಸರ್ ಮಾರ್ಗದರ್ಶನದಲ್ಲಿ ನೀವೇ ಮಾಡುವ ಅಧ್ಯಯನ, ಇದಕ್ಕೆ ಒಳ್ಳೆಯ ದಾರಿ. ಅದು ಕೈತಪ್ಪಿದ್ದರೆ, ಲ್ಯಾಬ್‌ನಲ್ಲಿ ಆಗಲೇ ಇರುವ ಡೇಟಾದಿಂದ ಹೊಸ ಪ್ರಶ್ನೆಗೆ ಉತ್ತರ ಹುಡುಕಬಹುದೇ ಎಂದು ಕೇಳಿ. ಹೊಸದಾಗಿ ಯಾರನ್ನೂ ಸೇರಿಸಿಕೊಳ್ಳಬೇಕಿಲ್ಲ, ಹಾಗಾಗಿ ಇದಕ್ಕೆ ಒಪ್ಪಿಗೆ ಸಿಗುವುದು ಸುಲಭ.

ಪ್ರಶ್ನೆ ಕಿರಿದಾಗಿರಲಿ. ‘ಸೋಶಿಯಲ್ ಮೀಡಿಯಾ ಮತ್ತು ಮಾನಸಿಕ ಆರೋಗ್ಯ’ ಅನ್ನುವುದು ಪ್ರಶ್ನೆಯಲ್ಲ, ವಿಷಯ. ‘ರಾತ್ರಿ ಮಲಗುವ ಮುಂಚಿನ ಒಂದು ಗಂಟೆ ಫೋನ್ ಬಳಸಿದ ದಿನಗಳಲ್ಲಿ, ಅದೇ ಹುಡುಗ ಹುಡುಗಿಯರು ಮರುದಿನ ಹೆಚ್ಚು ಆತಂಕ ಇದೆ ಎನ್ನುತ್ತಾರಾ?’ ಅನ್ನುವುದು ಪ್ರಶ್ನೆ. ಯಾರನ್ನು, ಯಾವಾಗ, ಏನನ್ನು ಅಳೆಯಬೇಕು ಎಂದು ಅದರಲ್ಲೇ ಇದೆ.

ಫಲಿತಾಂಶವನ್ನು ಪೋಸ್ಟರ್ ಮಾಡಿ ಒಂದು ಸಮ್ಮೇಳನದಲ್ಲಿ ನಿಲ್ಲಿಸಿ. ಪೋಸ್ಟರ್ ಅಂದರೆ ಇಡೀ ಅಧ್ಯಯನವನ್ನು ಒಂದು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಪಕ್ಕ ನಿಂತು ಬಂದವರಿಗೆ ವಿವರಿಸುವುದು. ನಿಮ್ಮ ವಿಶ್ವವಿದ್ಯಾಲಯದ್ದೇ ವಿದ್ಯಾರ್ಥಿ ಸಮ್ಮೇಳನ ಆದರೂ ನಡೆಯುತ್ತದೆ. ಅಂದುಕೊಂಡದ್ದು ಸಾಬೀತಾಗಲಿಲ್ಲ ಎಂದು ಮುಚ್ಚಿಡಬೇಡಿ. ಯಾಕಿರಬಹುದು ಎಂದು ವಿವರಿಸಲು ಬಂದರೆ ಅದೇ ದೊಡ್ಡ ಅಂಕ.

ಪೇಪರ್ ಪ್ರಕಟವಾಗಿರಲೇಬೇಕಾ? ಬೇಕಿಲ್ಲ. ಸಹಲೇಖಕರಾಗಿ ಒಂದಿದ್ದರೆ ಖಂಡಿತ ಸಹಾಯ, ಇಲ್ಲದೆಯೂ ಸೇರಿದವರು ಬೇಕಾದಷ್ಟಿದ್ದಾರೆ. ಆದರೆ ದುಡ್ಡು ಕೊಟ್ಟರೆ ಯಾವ ಪರಿಶೀಲನೆಯೂ ಇಲ್ಲದೆ ಏನನ್ನಾದರೂ ಹಾಕುವ ನಕಲಿ ಜರ್ನಲ್‌ಗಳ ಹತ್ತಿರ ಮಾತ್ರ ಹೋಗಬೇಡಿ. ಅಂಥ ಹೆಸರು ಸಿವಿಯಲ್ಲಿ ಕಂಡರೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

6. ಅಂಕಿ ಸಂಖ್ಯೆಯ ಕೆಲಸ ಕಲಿಯಿರಿ

2015ರಲ್ಲಿ ಸೈಕಾಲಜಿಯ 100 ಪ್ರಕಟಿತ ಅಧ್ಯಯನಗಳನ್ನು ಸಂಶೋಧಕರ ದೊಡ್ಡ ತಂಡ ಮತ್ತೆ ಮಾಡಿ ನೋಡಿದ ವರದಿ ಬಂತು. ಮೂಲದಲ್ಲಿ 97 ಶೇಕಡಾ ಅಧ್ಯಯನಗಳು ಅಂದುಕೊಂಡ ಪರಿಣಾಮ ಕಂಡಿದ್ದವು. ಮತ್ತೆ ಮಾಡಿದಾಗ ಅದು 36 ಶೇಕಡಾಕ್ಕೆ ಇಳಿಯಿತು. ಅಲ್ಲಿಂದೀಚೆಗೆ ಕೆಲಸದ ರೀತಿಯೇ ಬದಲಾಗುತ್ತ ಬಂದಿದೆ. ಪ್ರೀರಿಜಿಸ್ಟ್ರೇಷನ್, ಅಂದರೆ ಡೇಟಾ ನೋಡುವ ಮೊದಲೇ ಏನನ್ನು ಹೇಗೆ ಪರೀಕ್ಷಿಸುತ್ತೇವೆ ಎಂದು ಬರೆದು ದಾಖಲಿಸುವುದು, ಈಗ ಬಹಳ ಲ್ಯಾಬ್‌ಗಳಲ್ಲಿ ರೂಢಿ. ನಿಮ್ಮ ಚಿಕ್ಕ ಅಧ್ಯಯನವನ್ನೂ ಓಪನ್ ಸೈನ್ಸ್ ಫ್ರೇಮ್‌ವರ್ಕ್ ತಾಣದಲ್ಲಿ ಉಚಿತವಾಗಿ ಹೀಗೆ ದಾಖಲಿಸಬಹುದು.

ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್‌ಗಳಲ್ಲಿ ಎಸ್‌ಪಿಎಸ್‌ಎಸ್ ಗೊತ್ತಿದ್ದರೆ ಒಳ್ಳೆಯದು, ಆರ್ (R) ಕಲಿತರೆ ಇನ್ನೂ ಒಳ್ಳೆಯದು. ಆರ್ ಉಚಿತ, ಮಾಡಿದ ಪ್ರತಿ ಹೆಜ್ಜೆಯೂ ಕೋಡ್‌ನಲ್ಲಿ ಉಳಿಯುತ್ತದೆ.

7. ಪತ್ರ ಬರೆಯುವವರನ್ನು ಜಾಣತನದಿಂದ ಆರಿಸಿ

ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ಅದರಲ್ಲಿ ಎರಡಾದರೂ ನಿಮ್ಮ ರಿಸರ್ಚ್ ಕೆಲಸ ಕಣ್ಣಾರೆ ಕಂಡವರಿಂದ ಇರಲಿ. ‘ನನ್ನ ತರಗತಿಯಲ್ಲಿ ಎ ಗ್ರೇಡ್ ಪಡೆದರು’ ಎಂದು ದೊಡ್ಡ ಹೆಸರಿನವರು ಬರೆದ ಪತ್ರದಿಂದ ಹೆಚ್ಚಿನ ಉಪಯೋಗವಿಲ್ಲ.

ಒಂದು ತೊಡಕು ಹೆಚ್ಚಿನವರಿಗೆ ಎದುರಾಗುತ್ತದೆ. ದಿನವೂ ನಿಮ್ಮ ಜೊತೆ ಕೆಲಸ ಮಾಡಿದವರು ಪಿಎಚ್‌ಡಿ ವಿದ್ಯಾರ್ಥಿಯೋ ಪೋಸ್ಟ್‌ಡಾಕೋ (ಪಿಎಚ್‌ಡಿ ಮುಗಿಸಿ ಲ್ಯಾಬ್‌ನಲ್ಲಿ ಸಂಶೋಧನೆ ಮಾಡುವವರು) ಆಗಿರುತ್ತಾರೆ, ಪ್ರೊಫೆಸರ್‌ಗೆ ನಿಮ್ಮ ಹೆಸರಷ್ಟೇ ಗೊತ್ತು. ಆಗ ಜೊತೆಗೆ ಕೆಲಸ ಮಾಡಿದವರು ಕರಡು ಬರೆದು, ಅವರೂ ಪ್ರೊಫೆಸರ್ ಕೂಡ ಸಹಿ ಹಾಕಬಹುದೇ ಎಂದು ಕೇಳಿ. ಇದು ನಡೆಯುವ ಪದ್ಧತಿಯೇ. ಆರೆಂಟು ವಾರ ಮುಂಚೆ ಕೇಳಿ. ಕೇಳುವಾಗ ‘ನನ್ನ ಬಗ್ಗೆ ಗಟ್ಟಿಯಾದ ಪತ್ರ ಬರೆಯಲು ನಿಮಗೆ ಸಾಧ್ಯವಾ?’ ಎಂದೇ ಕೇಳಿ. ತಡವರಿಸಿದರೆ ಬೇರೆಯವರನ್ನು ನೋಡುವುದು ಒಳ್ಳೆಯದು. ಒಪ್ಪಿದವರಿಗೆ ಸಿವಿ, ಕರಡು ಪ್ರಬಂಧ, ಕೊನೆಯ ದಿನಾಂಕಗಳು, ಜೊತೆಗೆ ನೀವು ಲ್ಯಾಬ್‌ನಲ್ಲಿ ಮಾಡಿದ ನಾಲ್ಕೈದು ಕೆಲಸಗಳ ನೆನಪಿನ ಪಟ್ಟಿ ಕೊಡಿ.

8. ಸಿವಿ ಮತ್ತು ಪ್ರಬಂಧ

ಸಿವಿಯಲ್ಲಿ ‘ಡೇಟಾ ಸಂಗ್ರಹ, ಡೇಟಾ ಎಂಟ್ರಿಯಲ್ಲಿ ನೆರವಾದೆ’ ಎಂದರೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ‘ಹದಿಹರೆಯದವರ ನಿದ್ದೆ ಮತ್ತು ಆತಂಕದ ಅಧ್ಯಯನ. 40 ಕುಟುಂಬಗಳ ಜೊತೆ ಸಂದರ್ಶನ ನಡೆಸಿದೆ. ನಿದ್ದೆಯ ಡೈರಿಯಲ್ಲಿ ಬಿಟ್ಟುಹೋದ ದಿನಗಳನ್ನು ಪತ್ತೆಹಚ್ಚಲು ಆರ್‌ನಲ್ಲಿ ಕೋಡ್ ಬರೆದೆ. ಹೊಸದಾಗಿ ಸೇರಿದ ಮೂವರಿಗೆ ತರಬೇತಿ ಕೊಟ್ಟೆ.’ ಮಾಡಿದ್ದಷ್ಟನ್ನೇ ಬರೆಯಿರಿ. ‘ವಿಶ್ಲೇಷಣೆ ಮಾಡಿದೆ’ ಎಂದು ಉಬ್ಬಿಸಿದರೆ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಪ್ರಬಂಧದಲ್ಲಿ, ಅಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿ, ಲ್ಯಾಬ್‌ಗಳ ಪಟ್ಟಿ ಬೇಡ. ಒಂದು ಅಧ್ಯಯನ ನಿಮ್ಮಲ್ಲಿ ಯಾವ ಪ್ರಶ್ನೆ ಹುಟ್ಟಿಸಿತು, ಅದನ್ನು ಹಿಡಿದು ಮುಂದೆ ಏನು ಮಾಡಿದಿರಿ, ಇನ್ನೂ ಬಗೆಹರಿಯದೆ ಉಳಿದದ್ದೇನು, ಅದು ಈ ಪ್ರೊಫೆಸರ್ ಕೆಲಸಕ್ಕೆ ಹೇಗೆ ಹೊಂದುತ್ತದೆ ಎಂದು ಒಂದು ಎಳೆಯಲ್ಲಿ ಬರೆಯಿರಿ. ನಿಮ್ಮದೇ ಅಥವಾ ಮನೆಯವರ ಕಾಯಿಲೆಯ ಕಥೆ ಇಡೀ ಪ್ರಬಂಧವನ್ನು ಆವರಿಸದಿರಲಿ. ಆ ನೋವು ಸಣ್ಣದಲ್ಲ, ನಿಮ್ಮನ್ನು ಈ ದಾರಿಗೆ ತಂದದ್ದೂ ಅದೇ ಇರಬಹುದು. ಆದರೆ ಓದುವವರು ಅಲ್ಲಿ ಹುಡುಕುತ್ತಿರುವುದು ನಿಮ್ಮ ಯೋಚನೆಯ ಕ್ರಮವನ್ನು. ಅಧ್ಯಯನದಲ್ಲಿ ಭಾಗವಹಿಸಿದವರ ಗುರುತು ಸಿಗುವಂಥ ವಿವರವನ್ನಂತೂ ಎಲ್ಲೂ ಬರೆಯಬೇಡಿ.

ಜಿಆರ್‌ಇ, ಅಂದರೆ ಅಮೆರಿಕದ ಉನ್ನತ ಪದವಿಗಳ ಪ್ರವೇಶ ಪರೀಕ್ಷೆಯ ಬಗ್ಗೆ ಚಿಂತೆ ಕಡಿಮೆ ಮಾಡಿ. 2020ರ ನಂತರ ಅನೇಕ ಪ್ರೋಗ್ರಾಂಗಳು ಅದನ್ನು ಕೈಬಿಟ್ಟಿವೆ ಅಥವಾ ಐಚ್ಛಿಕ ಮಾಡಿವೆ. ಪ್ರತಿಯೊಂದರ ನಿಯಮ ನೋಡಿಕೊಳ್ಳಿ.

9. ಅರ್ಜಿಯ ವರ್ಷ

ಬೇಸಿಗೆಯಲ್ಲೇ ಪ್ರೊಫೆಸರ್‌ಗಳ ಪುಟ ನೋಡಿ, ಮುಂದಿನ ವರ್ಷಕ್ಕೆ ವಿದ್ಯಾರ್ಥಿ ತೆಗೆದುಕೊಳ್ಳುತ್ತಾರಾ ಎಂದು ತಿಳಿಯಿರಿ. ಹಲವರು ಅದನ್ನು ಪುಟದಲ್ಲೇ ಹಾಕಿರುತ್ತಾರೆ. ಇಲ್ಲದಿದ್ದರೆ ಮೇಲ್ ಮಾಡಿ ಕೇಳಿ. ಅವರು ತೆಗೆದುಕೊಳ್ಳದ ವರ್ಷ ನಿಮ್ಮ ಅನುಭವ ಎಷ್ಟೇ ಚೆನ್ನಾಗಿದ್ದರೂ ಅರ್ಜಿ ಶುಲ್ಕ ವ್ಯರ್ಥ. ಶುಲ್ಕ ಕಟ್ಟಲು ಕಷ್ಟವಿದ್ದರೆ ಮನ್ನಾ ಕೇಳುವ ಅವಕಾಶ ಹಲವು ಕಡೆ ಇದೆ.

ಕೊನೆಯ ದಿನಾಂಕಗಳು ಹೆಚ್ಚಾಗಿ ಡಿಸೆಂಬರ್ 1ರ ಆಸುಪಾಸು. ಇಂಟರ್‌ವ್ಯೂ ಜನವರಿ, ಫೆಬ್ರವರಿಯಲ್ಲಿ. ಅಲ್ಲಿ ಬರುವ ಪ್ರಶ್ನೆಗಳು ಬಹುಮಟ್ಟಿಗೆ ನಿಮ್ಮ ಅನುಭವದ ಮೇಲೆಯೇ: ಆ ಅಧ್ಯಯನವನ್ನು ಎರಡು ನಿಮಿಷದಲ್ಲಿ ಹೇಳಿ, ಅದರ ದೊಡ್ಡ ದೌರ್ಬಲ್ಯ ಯಾವುದು, ಮತ್ತೆ ಮಾಡುವುದಾದರೆ ಏನು ಬದಲಿಸುತ್ತೀರಿ, ನಮ್ಮ ಲ್ಯಾಬ್‌ಗೆ ಬಂದರೆ ಮೊದಲು ಯಾವ ಪ್ರಶ್ನೆ ಕೈಗೆತ್ತಿಕೊಳ್ಳುತ್ತೀರಿ. ಈ ನಾಲ್ಕಕ್ಕೂ ಸೈಕಾಲಜಿ ಓದದ ಗೆಳೆಯರೊಬ್ಬರ ಮುಂದೆ ಗಟ್ಟಿಯಾಗಿ ಉತ್ತರ ಹೇಳಿ ಅಭ್ಯಾಸ ಮಾಡಿ. ಅವರಿಗೆ ಅರ್ಥವಾಗದ ಕಡೆ ನಿಮಗೂ ಪೂರ್ತಿ ಸ್ಪಷ್ಟವಿರುವುದಿಲ್ಲ.

ಸ್ಟೈಪೆಂಡ್ ಸಹಿತದ ಸೀಟಿಗೆ ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯ ಕೊಡಬೇಕೆಂದು ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಅವಸರಪಡಿಸಿದರೆ ಆ ದಿನಾಂಕವನ್ನು ನೆನಪಿಸಬಹುದು.

10. ಈ ಸಲ ಸಿಗದಿದ್ದರೆ

ಮೊದಲ ಸಲ ಸಿಗದೆ ಎರಡನೇ ಸಲ ಸೇರಿದವರು ಈ ಕ್ಷೇತ್ರದಲ್ಲಿ ತುಂಬಾ ಜನ. ಆದರೆ ಅದೇ ಅರ್ಜಿಯನ್ನು ದಿನಾಂಕ ಬದಲಿಸಿ ಮತ್ತೆ ಕಳಿಸಬೇಡಿ. ಎಲ್ಲಿ ನಿಂತಿತು ನೋಡಿ. ಎಲ್ಲೂ ಇಂಟರ್‌ವ್ಯೂಗೆ ಕರೆಯದಿದ್ದರೆ ಕೊರತೆ ಅನುಭವದಲ್ಲೋ, ಪತ್ರದಲ್ಲೋ, ಪ್ರೋಗ್ರಾಂ ಆಯ್ಕೆಯಲ್ಲೋ ಇರಬಹುದು. ಆಗ ಒಂದೆರಡು ವರ್ಷದ ಪೋಸ್ಟ್‌ಬ್ಯಾಕ್ ಕೆಲಸ ಸರಿಯಾದ ದಾರಿ. ಇಂಟರ್‌ವ್ಯೂವರೆಗೆ ಹೋಗಿ ಅಲ್ಲೇ ನಿಂತಿದ್ದರೆ ಅನುಭವ ಸಾಕಷ್ಟಿದೆ, ಅದನ್ನು ಹೇಳುವುದರಲ್ಲಿ ಅಥವಾ ಹೊಂದಾಣಿಕೆಯಲ್ಲಿ ತೊಡಕಿದೆ ಅನ್ನಬಹುದು. ಇಂಟರ್‌ವ್ಯೂ ಮಾಡಿದ ಪ್ರೊಫೆಸರ್‌ಗೆ ಧನ್ಯವಾದ ಹೇಳಿ, ಮುಂದಿನ ಸಲಕ್ಕೆ ಯಾವುದನ್ನು ಗಟ್ಟಿ ಮಾಡಿಕೊಳ್ಳಬೇಕು ಎಂದು ಒಂದು ಸಾಲು ಕೇಳಿ. ಎಲ್ಲರೂ ಉತ್ತರಿಸುವುದಿಲ್ಲ. ಉತ್ತರಿಸಿದವರ ಮಾತನ್ನು ನಿಮ್ಮ ಈಗಿನ ಲ್ಯಾಬ್‌ನ ಮುಖ್ಯಸ್ಥರಿಗೆ ತೋರಿಸಿ, ಮುಂದಿನ ಡಿಸೆಂಬರ್‌ಗೆ ಮುಂಚೆ ಯಾವ ಕೆಲಸ ನಿಮ್ಮ ಹೆಸರಲ್ಲಿ ಮುಗಿಯಬೇಕು ಎಂದು ಇಬ್ಬರೂ ಕೂತು ಬರೆದುಕೊಳ್ಳಿ.